ಮರಳಿನ ಮೇಲಿನ ಬೆರಳು: ಬಳ್ಳಾರಿ ಸೀಮೆಗೆ ಬಂದ ಮಿಷನರಿಗಳ ಕಲಿಕೆಯ ಚರಿತ್ರೆ

1823ರ ಆಗಸ್ಟ್ 17ರಂದು ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ ಮದರಾಸಿನ ರೆವಿನ್ಯೂ ಬೋರ್ಡಿಗೆ ತಮ್ಮ ಜಿಲ್ಲೆಯ ಶಾಲೆಗಳ ಕುರಿತು ಒಂದು ವರದಿ ಕಳಿಸಿದರು. ಆಗಿನ ಬಳ್ಳಾರಿ ಜಿಲ್ಲೆ ದೊಡ್ಡದು. ಇಂದಿನ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ನೆಲವೂ ಅದರಲ್ಲಿತ್ತು, ಅನಂತಪುರವೂ ಅದರಲ್ಲಿತ್ತು. 9,27,857 ಜನರಿದ್ದ ಆ ಜಿಲ್ಲೆಯಲ್ಲಿ 533 ಶಾಲೆಗಳು, 6,641 ವಿದ್ಯಾರ್ಥಿಗಳು. ಶಾಲೆಗಳ ಪೈಕಿ 235 ಕನ್ನಡದವು, 226 ತೆಲುಗಿನವು. ಇಂಗ್ಲಿಷ್ ಶಾಲೆ ಒಂದೇ ಒಂದು.

ಅಂಕಿಗಳಿಗಿಂತ ನನ್ನನ್ನು ಹಿಡಿದು ನಿಲ್ಲಿಸುವುದು ಆ ವರದಿಯಲ್ಲಿ ಮಗು ಅಕ್ಷರ ಕಲಿಯುವ ಬಗೆಯ ವಿವರ. ಐದನೆಯ ವಯಸ್ಸಿಗೆ ಗಣಪತಿಯ ಮುಂದೆ ಕೂರಿಸಿ, ಕೈಹಿಡಿದು ಅಕ್ಕಿಯ ಮೇಲೆ ಬರೆಸುತ್ತಾರೆ. ಆಮೇಲೆ ಶಾಲೆ. ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದವನ ಅಂಗೈಯಲ್ಲಿ ಐಗಳು ಸರಸ್ವತಿಯ ಹೆಸರು ಬರೆಯುತ್ತಾರೆ, ಎರಡನೆಯವನಿಗೆ ಸೊನ್ನೆ, ಮೂರನೆಯವನಿಂದ ಮುಂದಕ್ಕೆ ಛಡಿ ಏಟು ಒಂದೊಂದೇ ಏರುತ್ತ ಹೋಗುತ್ತದೆ. ಅಕ್ಷರವನ್ನು ಮೊದಲು ಬಾಯಲ್ಲಿ ಹೇಳಿಸುವುದಲ್ಲ, ನೆಲದ ಮರಳಿನಲ್ಲಿ ಬೆರಳಿಂದ ತಿದ್ದಿಸುವುದು. ಬೆರಳು ಪಳಗಿದ ಮೇಲೆ ಓಲೆ, ಕಾಗದ, ಹಲಗೆ, ಕಡತ. ಬಟ್ಟೆಗೆ ಗಂಜಿ ಹಾಕಿ ಬಿಗಿಗೊಳಿಸಿ, ಪುಸ್ತಕದಂತೆ ಮಡಿಸಿ, ಇದ್ದಿಲು ಮತ್ತು ಅಂಟು ಬಳಿದರೆ ಕಡತ. ಅದರ ಮೇಲೆ ಬಳಪದಲ್ಲಿ ಬರೆದು, ಒದ್ದೆ ಬಟ್ಟೆಯಿಂದ ಒರೆಸಿ, ಮತ್ತೆ ಬರೆಯಬಹುದು.

ಈ ವರದಿ ಬರೆಯುವುದಕ್ಕೆ ಹದಿಮೂರು ವರ್ಷ ಮೊದಲು ಇದೇ ಬಳ್ಳಾರಿಗೆ ಮೂವತ್ತರ ಆಸುಪಾಸಿನ ಒಬ್ಬ ಇಂಗ್ಲಿಷ್ ತರುಣ ಬಂದಿಳಿದಿದ್ದರು. ಹೆಸರು ಜಾನ್ ಹ್ಯಾಂಡ್ಸ್. ಲಂಡನ್ ಮಿಷನರಿ ಸೊಸೈಟಿ ಅವರನ್ನು ಕನ್ನಡನಾಡಿನಲ್ಲಿ ಧರ್ಮಪ್ರಚಾರಕ್ಕೆಂದು ಕಳಿಸಿತ್ತು. ಐದು ವರ್ಷದ ಮಗು ಎಲ್ಲಿಂದ ಶುರುಮಾಡುತ್ತಿತ್ತೋ ಅಲ್ಲಿಂದಲೇ ಅವರೂ ಶುರುಮಾಡಬೇಕಾಯಿತು. ಬೇರೆ ದೇಶದಲ್ಲಿ ಸೇವೆಗೆಂದು ಹೊರಡುವ ತರುಣನ ತರಬೇತಿ ನಿಜವಾಗಿ ಎಲ್ಲಿ ನಡೆಯುತ್ತದೆ ಎಂಬ ಪ್ರಶ್ನೆಯನ್ನು ನಮ್ಮ ಸೀಮೆಯ ಕಡೆಯಿಂದ ಕೇಳುವುದು ಈ ಲೇಖನದ ಉದ್ದೇಶ.

ಹ್ಯಾಂಡ್ಸ್ ತಯಾರಾದದ್ದು ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಗಾಸ್‌ಪೋರ್ಟಿನಲ್ಲಿ. ಅಲ್ಲಿ ಡೇವಿಡ್ ಬೋಗ್ ಎಂಬ ಪಾದ್ರಿ ನಡೆಸುತ್ತಿದ್ದ ವಿದ್ಯಾಲಯದಲ್ಲಿ 1800ರಿಂದ ಲಂಡನ್ ಸೊಸೈಟಿಯ ತರುಣರು ಕಲಿಯುತ್ತಿದ್ದರು. ಚೀನಾಕ್ಕೆ ಹೋದ ರಾಬರ್ಟ್ ಮಾರಿಸನ್ ಕೂಡ ಅಲ್ಲಿಯವರೇ. ಗ್ರೀಕ್, ಹೀಬ್ರೂ, ಲ್ಯಾಟಿನ್, ದೇವಶಾಸ್ತ್ರ, ಪ್ರಸಂಗ ಕಟ್ಟುವ ಕ್ರಮ ಪಾಠದ ವಿಷಯಗಳು. ಬೋಗ್ ಅವರ ಉಪನ್ಯಾಸಗಳನ್ನು ವಿದ್ಯಾರ್ಥಿಗಳು ಕೈಬರಹದಲ್ಲಿ ನಕಲು ಮಾಡಿಕೊಂಡು ಹಡಗು ಹತ್ತುತ್ತಿದ್ದರು. ಆ ನೋಟುಬುಕ್ಕೇ ಅವರ ಗ್ರಂಥಾಲಯ. ಒಳ್ಳೆಯ ಶಿಸ್ತಿನ ಶಿಕ್ಷಣವದು, ನಾನು ಅದನ್ನು ಕಡೆಗಣಿಸುವುದಿಲ್ಲ. ಆದರೆ ಕನ್ನಡದ ಮಟ್ಟಿಗೆ ಅದು ಬರಿಗೈಯಲ್ಲೇ ಕಳಿಸಿತು. 1810ರಲ್ಲಿ ಇಂಗ್ಲಿಷಿನವರು ಕನ್ನಡ ಕಲಿಯಲು ಅಚ್ಚಾದ ವ್ಯಾಕರಣವೇ ಇರಲಿಲ್ಲ. ಸೆರಾಂಪುರದಲ್ಲಿ ವಿಲಿಯಂ ಕೇರಿ ಅವರ ಕನ್ನಡ ವ್ಯಾಕರಣ ಬಂದದ್ದು 1817ರಲ್ಲಿ, ಮದರಾಸಿನಲ್ಲಿ ಮೆಕೆರೆಲ್ ಅವರದು 1820ರಲ್ಲಿ. ವಿಲಿಯಂ ರೀವ್ ಅವರ ಇಂಗ್ಲಿಷ್–ಕನ್ನಡ ನಿಘಂಟು 1824ರದ್ದು, ಕನ್ನಡ–ಇಂಗ್ಲಿಷ್ ನಿಘಂಟು 1832ರದ್ದು. ರೀವ್ ಕೂಡ ಹ್ಯಾಂಡ್ಸ್ ಅವರ ಹಿಂದೆ ಬಳ್ಳಾರಿಗೆ ಬಂದು ಅಲ್ಲಿ ಕನ್ನಡ ಕಲಿತವರೇ. ಎಂದರೆ ಮೊದಲು ಬಂದವರು ಕಲಿಯುತ್ತ ಕಲಿಯುತ್ತಲೇ ಮುಂದೆ ಬರುವವರಿಗೆ ಪಠ್ಯಪುಸ್ತಕ ಕಟ್ಟಿದರು.

ಕಲಿಯದೆ ಬಂದರೆ ಏನಾಗುತ್ತದೆ ಎಂಬುದಕ್ಕೂ ಇದೇ ಮದರಾಸು ಪ್ರಾಂತ್ಯದಲ್ಲೊಂದು ಉದಾಹರಣೆಯಿದೆ. 1852ರ ಆಗಸ್ಟಿನಲ್ಲಿ ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ ಮಾರ್ಮನ್ ಎಂಬ ಕ್ರೈಸ್ತ ಪಂಗಡದ ಸಭೆ ಒಂದು ಗುಂಪನ್ನು ಹಿಂದುಸ್ತಾನಕ್ಕೆ ಹೋಗಿ ಎಂದು ಹೆಸರು ಕೂಗಿ ಕರೆಯಿತು. ತರಬೇತಿ ಎಂಬುದೇ ಇರಲಿಲ್ಲ. ಕರೆ ಬಂತು, ಮನೆಮಂದಿಯನ್ನು ಬಿಟ್ಟು ಹೊರಟರು. 1853ರ ಏಪ್ರಿಲ್‌ನಲ್ಲಿ ಕಲ್ಕತ್ತೆ ತಲುಪಿದರು. ಅವರಲ್ಲಿ ರಿಚರ್ಡ್ ಬ್ಯಾಲಂಟೈನ್ ಮತ್ತು ರಾಬರ್ಟ್ ಸ್ಕೆಲ್ಟನ್ ಮದರಾಸಿಗೆ ಬಂದರು. ಬ್ಯಾಲಂಟೈನ್ ಸಾಮಾನ್ಯರಲ್ಲ. ತಮ್ಮ ಊರಿನಲ್ಲಿ 1849ರಲ್ಲಿ ಮಾರ್ಮನ್ನರ ಮೊದಲ ಭಾನುವಾರದ ಶಾಲೆ ತೆರೆದವರು, ಮಕ್ಕಳಿಗೆ ಹೇಳಿಕೊಡುವುದು ಗೊತ್ತಿದ್ದವರು. ಮದರಾಸಿನಲ್ಲಿ ಇಂಗ್ಲಿಷಿನಲ್ಲೊಂದು ಪತ್ರಿಕೆಯನ್ನೂ ಹೊರಡಿಸಿದರು. ಆದರೆ ಅವರ ಮಾತು ತಲುಪಿದ್ದು ದಂಡಿನ ಸಿಪಾಯಿಗಳಿಗೆ, ಇಂಗ್ಲಿಷ್ ಬಲ್ಲ ಕೆಲವು ಮನೆಗಳಿಗೆ. ಸುತ್ತ ನಾಲ್ಕು ದ್ರಾವಿಡ ಭಾಷೆಗಳ ಜನಸಮುದ್ರವಿತ್ತು, ಅದರ ದಡದಲ್ಲೇ ನಿಂತು 1854ರಲ್ಲಿ ಬ್ಯಾಲಂಟೈನ್ ಹಡಗು ಹತ್ತಿದರು. ಕೆಲವೇ ವರ್ಷಗಳಲ್ಲಿ ಉಳಿದವರೂ ಭಾರತ ಬಿಟ್ಟರು.

ಅದೇ ಸಭೆ ಮುಂದೆ ಈ ವಿಷಯದಲ್ಲಿ ದೂರ ಸಾಗಿತು. 1960ರ ದಶಕದ ಆರಂಭದಲ್ಲಿ ಯೂಟಾದ ಪ್ರೊವೊ ಊರಿನಲ್ಲಿ ಭಾಷೆ ಕಲಿಸುವ ವ್ಯವಸ್ಥೆ ಶುರುವಾಗಿ, 1978ರಲ್ಲಿ ಅದು ಮಿಷನರಿ ತರಬೇತಿ ಕೇಂದ್ರವಾಯಿತು. ಹುಡುಗರು ಹದಿನೆಂಟು ತುಂಬಿದರೆ ಹೊರಡಬಹುದು, ಹುಡುಗಿಯರಿಗೆ 2025ರವರೆಗೆ ಹತ್ತೊಂಬತ್ತು ತುಂಬಬೇಕಿತ್ತು. ಹುಡುಗರ ಸೇವೆ ಎರಡು ವರ್ಷ, ಹುಡುಗಿಯರದು ಒಂದೂವರೆ ವರ್ಷ. ಸದಾ ಜೋಡಿಯಾಗಿಯೇ ಓಡಾಟ. ಕೇಂದ್ರದಲ್ಲಿ ಕೆಲವು ವಾರ ಹೊಸ ಭಾಷೆಯಲ್ಲೇ ಮಾತಾಡಿ, ಪ್ರಾರ್ಥಿಸಿ ರೂಢಿ ಮಾಡಿಕೊಳ್ಳುತ್ತಾರೆ. 1993ರಲ್ಲಿ ಬೆಂಗಳೂರೇ ಆ ಸಭೆಯ ಒಂದು ಮಿಷನ್ ಕೇಂದ್ರವಾಯಿತು. ಹದಿನೆಂಟರ ಹುಡುಗನೊಬ್ಬ ತನ್ನದಲ್ಲದ ನುಡಿಯಲ್ಲಿ ಮೊದಲ ಸಲ ಪ್ರಾರ್ಥನೆಗೆ ಬಾಯಿ ತೆರೆದಾಗ ಆಗುವ ಅಳುಕು ಗಾಸ್‌ಪೋರ್ಟಿನಿಂದ ಬಂದವರದೂ ಹೌದು.

ನಮ್ಮ ಕಡೆಯಿಂದ ಅತ್ತ ಹೋದವರೂ ಇದ್ದಾರೆ. ಮಂಗಳೂರಿನ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯ 1844ರಲ್ಲಿ ಕ್ರೈಸ್ತರಾಗಿ, 1846ರಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಜೊತೆ ಸ್ವಿಟ್ಜರ್ಲೆಂಡಿನ ಬಾಸೆಲ್ಲಿಗೆ ಹೋದರು. ಆಗ ವಯಸ್ಸು ಇಪ್ಪತ್ತೊಂದರ ಹತ್ತಿರ. ಬಾಸೆಲ್ ಮಿಷನ್ ಮನೆಯ ಕಟ್ಟುಪಾಡು ಬಿಗಿ. ಓದಿನ ಜೊತೆ ಕೈಕೆಲಸ, ಗಂಟೆ ಹೊಡೆದ ಹಾಗೆ ದಿನಚರಿ, ಮದುವೆಯಾಗಬೇಕೆಂದರೂ ಸಮಿತಿಯ ಅಪ್ಪಣೆ. ಕೌಂಡಿನ್ಯ ಐದು ವರ್ಷ ಅಲ್ಲಿದ್ದು, ದೀಕ್ಷೆ ಪಡೆದು 1851ರಲ್ಲಿ ಮರಳಿದರು. ಮುಂದೆ ಕನ್ನಡದ ಮಹಾನಿಘಂಟನ್ನು 1894ರಲ್ಲಿ ಕೊಟ್ಟ ಫರ್ಡಿನಂಡ್ ಕಿಟ್ಟೆಲ್ ಅದೇ ಮನೆಗೆ ವಿದ್ಯಾರ್ಥಿಯಾಗಿ ಸೇರಿದ್ದು 1850ರಲ್ಲಿ, ಭಾರತಕ್ಕೆ ಹೊರಟಿದ್ದು 1853ರಲ್ಲಿ. ಇಸವಿಗಳನ್ನು ಜೋಡಿಸಿ ನೋಡಿದರೆ ಇಬ್ಬರೂ ಕೆಲಕಾಲ ಒಂದೇ ಸೂರಿನಡಿ ಇದ್ದಿರಬೇಕು. ಹದಿನೆಂಟರ ಜರ್ಮನ್ ಹುಡುಗನ ಕಿವಿಗೆ ಕನ್ನಡ ಬಲ್ಲವನೊಬ್ಬನ ದನಿ ಮೊದಲು ಬಿದ್ದದ್ದು ರೈನ್ ನದಿಯ ದಡದ ಆ ಊರಿನಲ್ಲೇ ಎಂದು ಊಹಿಸಲು ನನಗೆ ಮನಸ್ಸಾಗುತ್ತದೆ.

ಮತ್ತೆ ಬಳ್ಳಾರಿಗೆ ಬರೋಣ. ಊರೂರು ತಿರುಗಿ ದೇವರ ಮಾತು ಹೇಳುವವನನ್ನು ಈ ಸೀಮೆ ಮೊದಲೇ ಬಲ್ಲದು. ವೀರಶೈವರ ಪಂಚಪೀಠಗಳಲ್ಲೊಂದಾದ ಉಜ್ಜಿನಿ ಇರುವುದು ಕೊಟ್ಟೂರಿನ ಪಕ್ಕದಲ್ಲೇ. ಚಿಕ್ಕಂದಿನಲ್ಲೇ ಮಠಕ್ಕೆ ಬಿಟ್ಟ ಜಂಗಮ ಮರಿ ಅಲ್ಲಿ ಪೂಜೆ, ಪುರಾಣ, ಲೋಕದ ನಡೆ ಕಲಿತು, ಜೋಳಿಗೆ ಹಿಡಿದು ಹೊರಡುತ್ತಾನೆ. ಒಂದೆಡೆ ನಿಲ್ಲದವನಿಗೆ ಚರಮೂರ್ತಿ ಎಂದೇ ಹೆಸರು. ಈ ತರಬೇತಿಗೆ ಹೊಸ ಕಾಲದ ರೂಪ ಕೊಡಲು ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಬಾದಾಮಿ ಬಳಿ ಶಿವಯೋಗಮಂದಿರ ಕಟ್ಟಿದರು. ಅಲ್ಲಿ ತಯಾರಾದ ವಟುಗಳು ನಾಡಿನ ಮೂಲೆಮೂಲೆಯ ಮಠಗಳಿಗೆ ಹೋದರು. ಇನ್ನು ಹಡಗಲಿ ತಾಲ್ಲೂಕಿನ ಮೈಲಾರದ ಗೊರವಯ್ಯ. ದಿನಗಟ್ಟಲೆ ಉಪವಾಸವಿದ್ದು, ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಬಿಲ್ಲನ್ನೇರಿ, ‘ಸದ್ದಲೇ’ ಎಂದು ಕೂಗುತ್ತಾನೆ. ಲಕ್ಷ ಜನ ಉಸಿರು ಬಿಗಿಹಿಡಿಯುತ್ತಾರೆ. ಬರುವುದು ಭವಿಷ್ಯ ನುಡಿಯುವ ಒಂದೇ ಒಂದು ಸಾಲು. ವರ್ಷಪೂರ್ತಿ ಊರೂರಿನ ಕಟ್ಟೆಗಳ ಮೇಲೆ ಅದರ ಅರ್ಥ ಬಿಡಿಸುತ್ತಾರೆ. ಒಂದು ಸಾಲಿಗೆ ಇಷ್ಟು ಕಿವಿಗೊಡುವ ಜನರ ನಡುವೆ ಗಂಟೆಗಟ್ಟಲೆ ಪ್ರಸಂಗ ಹೇಳಬೇಕಾಗಿದ್ದ ಹೊಸಬನಿಗೆ ಗಾಸ್‌ಪೋರ್ಟಿನ ನೋಟುಬುಕ್ಕು ಎಷ್ಟು ನೆರವಾಗಬಲ್ಲದು?

ನೆರವಾದವನು ಮುನ್ಷಿ. ದಿನಾ ಹೊತ್ತಿಗೆ ಸರಿಯಾಗಿ ಬಂದು, ಎದುರು ಕೂತು, ಉಚ್ಚಾರ ತಿದ್ದಿ, ಬರೆದದ್ದನ್ನು ಓದಿಸಿ, ‘ಹಿಂಗಲ್ರೀ, ಹಿಂಗ’ ಎನ್ನುತ್ತಿದ್ದವನು. ಅವನ ಕಷ್ಟವೂ ಸಣ್ಣದಲ್ಲ. ಕ್ಯಾಂಪ್‌ಬೆಲ್ ತಮ್ಮ ವರದಿಯಲ್ಲಿ ಒಂದು ತೊಡಕನ್ನು ಎತ್ತಿ ಹೇಳುತ್ತಾರೆ. ಶಾಲೆಗಳಲ್ಲಿ ಓದಿಸುವ ಕಾವ್ಯಗಳ ಭಾಷೆಯೇ ಬೇರೆ, ಆಡುವ ಭಾಷೆಯೇ ಬೇರೆ, ಮಕ್ಕಳು ಸರಾಗವಾಗಿ ಓದುತ್ತಾರೆ, ಅರ್ಥ ಮಾತ್ರ ತಿಳಿಯದು ಎಂದು. ಮುನ್ಷಿ ಓದಿದ್ದು ಆ ಕಾವ್ಯಗಳನ್ನು. ಮಿಷನರಿಗೆ ಬೇಕಾದದ್ದು ಸಂತೆಯಲ್ಲಿ ತಿಳಿಯುವ ಕನ್ನಡ. ಹೀಗೆ ಹೇಳಿಕೊಡುವವನೂ ತನ್ನ ಓದನ್ನು ಪಕ್ಕಕ್ಕಿಟ್ಟು ತನ್ನದೇ ಮನೆಮಾತಿಗೆ ಕಿವಿಗೊಡಬೇಕಾಯಿತು. ಕನ್ನಡ ಗದ್ಯದ ಚರಿತ್ರೆಯಲ್ಲಿ ಈ ಇಬ್ಬರ ಕೂಟಕ್ಕೆ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಹ್ಯಾಂಡ್ಸ್ ಮತ್ತು ಅವರ ಜೊತೆಗಾರರ ದುಡಿಮೆಯಿಂದ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗುವ ಹೊತ್ತಿಗೆ 1830ರ ದಶಕ ಬಂದಿತ್ತು. ಇಪ್ಪತ್ತು ವರ್ಷಗಳ ಕಲಿಕೆ ಅದು. ಆಮೇಲೂ ಬಾಸೆಲ್ ಮಿಷನ್ನಿನ ವೈಗ್ಲೆ ಮೊದಲಾದವರು ಅದನ್ನು ತಿದ್ದಿದರು. ಪುಸ್ತಕಗಳ ಮುಖಪುಟದಲ್ಲಿ ಮಿಷನರಿಗಳ ಹೆಸರಿದೆ, ಮುನ್ಷಿಯದಿಲ್ಲ.

ಆದರೆ ಅವನ ದನಿ ಒಳಗೆ ಉಳಿದಿದೆ ಎಂದು ನನಗನಿಸುವುದು ಒಂದು ಸಣ್ಣ ವ್ಯಾಕರಣದ ಜಾಗದಲ್ಲಿ. ಬಹುಕಾಲ ಚರ್ಚುಗಳಲ್ಲಿ ಬಳಕೆಯಲ್ಲಿದ್ದ ಹಳೆಯ ಕನ್ನಡ ಬೈಬಲಿನಲ್ಲಿ ಕರ್ತೃಪದ ‘ದೇವರು’ ಎಂದಿರುತ್ತದೆ, ಕ್ರಿಯಾಪದ ಮಾತ್ರ ‘ಮಾಡಿದನು’, ‘ಹೇಳಿದನು’ ಎಂದು ಏಕವಚನದಲ್ಲಿ ಮುಗಿಯುತ್ತದೆ. ಶಾಲೆಯ ವ್ಯಾಕರಣ ಇದನ್ನು ತಪ್ಪೆಂದು ಕೆಂಪು ಗೆರೆ ಎಳೆಯುತ್ತದೆ. ನಾನೂ ಬಹಳ ವರ್ಷ ಇದನ್ನು ಪರದೇಶದವರ ಅರೆಗನ್ನಡ ಎಂದೇ ಎಣಿಸಿದ್ದೆ. ಒಬ್ಬನೇ ದೇವರು ಎಂಬ ತತ್ತ್ವ ಕೆಡಬಾರದೆಂದು ಏಕವಚನ ತಂದರು ಎಂಬ ವಿವರಣೆಯೂ ಇದ್ದೀತು. ಅಷ್ಟೇ ಆಗಿದ್ದರೆ ‘ದೇವನು’ ಎಂದು ಬರೆದು ಮುಗಿಸಬಹುದಿತ್ತು, ಕಾವ್ಯದ ಕನ್ನಡದಲ್ಲಿ ಆ ಪದ ಕೈಗೆಟುಕುವಷ್ಟು ಹತ್ತಿರವೇ ಇತ್ತು. ಅದನ್ನು ಬಿಟ್ಟು ಆಡುಮಾತಿನ ‘ದೇವರು’ ಉಳಿಸಿಕೊಂಡು, ಅದಕ್ಕೆ ‘-ದನು’ ಹಚ್ಚುವ ಧೈರ್ಯ ಗ್ರೀಕಿನಿಂದ ಬರುವುದಿಲ್ಲ, ಹೀಬ್ರೂವಿನಿಂದಲೂ ಬರುವುದಿಲ್ಲ. ಅದು ಕಿವಿಯಿಂದ ಬರಬೇಕು. ಮನುಷ್ಯರಿಗೆಲ್ಲ ‘ಬರ್ರಿ’, ‘ಕುಂದರ್ರಿ’ ಎಂದು ಗೌರವ ಕೊಡುವ ಈ ಸೀಮೆಯವರು ದೇವರ ಮಾತು ಬಂದಾಗ ಮಾತ್ರ ‘ದೇವ್ರು ದೊಡ್ಡವನು’ ಎನ್ನುತ್ತಾರೆ. ಕೂಡ್ಲಿಗಿಯ ಕಡೆ ಮಳೆಗೆ ಬಾಯಿಬಿಟ್ಟು ಕಾದು ಕಾದು, ಕಡೆಗೊಂದು ಸಂಜೆ ಹನಿ ಬಿದ್ದರೆ, ಅಂಗಳಕ್ಕೆ ಬಂದ ಮುದುಕಿ ಮೇಲೆ ನೋಡಿ ಅನ್ನುವುದು ಇದನ್ನೇ: ‘ದೇವ್ರು ಕಣ್ಬಿಟ್ಟ.’ ಕಣ್ಬಿಟ್ಟರು ಎಂದು ಯಾರೂ ಅನ್ನುವುದಿಲ್ಲ.