ಮದ್ದಿನ ಕುಪ್ಪಿಗೆ ಚರ್ಮದ ಅಂಗಿ

ಮದ್ದು ಅಂದರೆ ಇಲ್ಲಿ ಔಷಧಿಯಲ್ಲ, ಕೋವಿಗೆ ಹಾಕುವ ಕರಿಮದ್ದು. ಮಲೆನಾಡಿನವರಿಗೆ, ಕೊಡಗಿನವರಿಗೆ, ಘಟ್ಟದ ಕೆಳಗೆ ಅಡಿಕೆ ತೋಟ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆಳೆ ಕಾಯಲು ಲೈಸೆನ್ಸ್ ಪಡೆದ ಕೇಪಿನ ಕೋವಿ ಅಲ್ಲಿ ಇನ್ನೂ ಎಷ್ಟೋ ಮನೆಗಳಲ್ಲಿದೆ. ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಗೆ ಒಯ್ದು ಠೇವಣಿ ಇಡಬೇಕು ಅನ್ನುವ ಗೊಣಗಾಟವೂ ಹಳೆಯದೇ.

ಬಯಲುಸೀಮೆಯ ಓದುಗರಿಗೆ ಒಂದು ಮಾತು. ತೋಟೆ ಕೋವಿಗೆ ಹಿಂದಿನಿಂದ ತೋಟೆ ತುಂಬುತ್ತಾರೆ. ಮದ್ದು, ಚರೆ, ಬೆಂಕಿ ಹಚ್ಚುವ ಕೇಪು ಮೂರೂ ಅದರೊಳಗೇ ಇರುತ್ತವೆ. ಕೇಪಿನ ಕೋವಿಗೆ ಎಲ್ಲವೂ ಬೇರೆ ಬೇರೆ. ನಳಿಗೆಯ ಬಾಯಿಂದ ಅಳತೆಯ ಮದ್ದು ಸುರಿಯಬೇಕು, ನಾರು ತುರುಕಿ ಕೋಲಿನಿಂದ ಜಡಿಯಬೇಕು, ಚರೆ ಹಾಕಬೇಕು, ಮತ್ತೆ ನಾರು ಜಡಿದು ಕೊನೆಗೆ ಹಿಂದುಗಡೆಯ ಮೊಲೆಗೆ ಕೇಪು ಇಡಬೇಕು. ಒಂದೊಂದು ಈಡಿಗೂ ಇಷ್ಟು ಕೆಲಸ. ಹಾಗಾಗಿ ಮದ್ದನ್ನು ಸೊಂಟದಲ್ಲೋ ಹೆಗಲಲ್ಲೋ ಕಟ್ಟಿಕೊಂಡೇ ತಿರುಗಬೇಕಿತ್ತು. ಮಳೆಗೆ ನೆನೆಯಬಾರದು, ಕಿಡಿ ತಾಗಬಾರದು, ಕತ್ತಲಲ್ಲೂ ಅಳತೆ ತಪ್ಪಬಾರದು. ಇದಕ್ಕಾಗಿ ಹುಟ್ಟಿದ್ದು ಮದ್ದಿನ ಕುಪ್ಪಿ.

ಇವತ್ತಿನ ಮಾತು ಆ ಕುಪ್ಪಿಯ ಒಂದು ಜಾತಿಯ ಬಗ್ಗೆ: ಒಳಗೆ ತಾಮ್ರದ್ದು, ಮೇಲೆ ಚರ್ಮ ಹೊಲಿದದ್ದು. 19ನೇ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ಇವು ಬಹಳ ತಯಾರಾದವು. ಫೋಟೊ ನೋಡಿದಾಗ ನನಗೆ ಮೊದಲು ಹೊಳೆದದ್ದು, ಬೆಂಕಿಯಿಂದ ಕಾಪಾಡಲು ಚರ್ಮ ಹೊಲಿದಿರಬೇಕು ಅಂತ. ಓದುತ್ತಾ ಹೋದಂತೆ ಅದು ತಪ್ಪು ಅಂತ ಗೊತ್ತಾಯಿತು.

ಮೊದಲು ಕುಪ್ಪಿ ಲೋಹದ್ದಾಗಿರಲೇ ಇಲ್ಲ. ಎತ್ತಿನ ಕೊಂಬು, ಎಮ್ಮೆಯ ಕೊಂಬು ಎಲ್ಲ ದೇಶಗಳಲ್ಲೂ ಬಳಕೆಯಲ್ಲಿತ್ತು. ಕೊಂಬಿಗೆ ತುಕ್ಕಿಲ್ಲ, ಕಿಡಿಯಿಲ್ಲ, ನೀರು ಇಳಿಯುವುದಿಲ್ಲ. ಕೊಂಬನ್ನು ಬಿಟ್ಟರೆ ಮರ. ಜರ್ಮನಿಯ ಸ್ಯಾಕ್ಸನಿಯಲ್ಲಿ 1600ರ ಸುಮಾರಿಗೆ ಸಿಪಾಯಿಗಳು ಒಯ್ಯುತ್ತಿದ್ದ ಮೂರು ಮೂಲೆಯ ಮದ್ದಿನ ಕುಪ್ಪಿಗಳು ಮರದವು. ಅವುಗಳ ಮೈಗೂ ಚರ್ಮವನ್ನೋ ಬಟ್ಟೆಯನ್ನೋ ಹೊದಿಸಿ ಅಂಚಿಗೆ ಕಬ್ಬಿಣದ ಕಟ್ಟು ಹಾಕುತ್ತಿದ್ದರು. ಅಂದರೆ ಚರ್ಮದ ಹೊದಿಕೆ ಲೋಹಕ್ಕಿಂತ ಹಿರಿದು. ಲೋಹ ಆಮೇಲೆ ಬಂದು ಹಳೆಯ ಅಂಗಿಯನ್ನೇ ತೊಟ್ಟುಕೊಂಡಿತು.

ಲೋಹದ ಕುಪ್ಪಿಗಳಿಗೆ ಹೆಸರಾದ ಊರು ಶೆಫೀಲ್ಡ್. ಚಾಕು, ಚೂರಿ, ಕತ್ತರಿಗೆ ಜಗತ್ತಿಗೇ ಗೊತ್ತಿದ್ದ ಊರು. ಅಲ್ಲಿ 1806ರಲ್ಲಿ ಶುರುವಾದ ಜೇಮ್ಸ್ ಡಿಕ್ಸನ್ ಕಾರ್ಖಾನೆ, ಅದಕ್ಕೆ ಪೈಪೋಟಿ ಕೊಡುತ್ತಿದ್ದ ಹಾಕ್ಸ್ಲಿ ಕಾರ್ಖಾನೆ, ಇವೆರಡೂ ಕುಪ್ಪಿಗಳನ್ನು ರಾಶಿ ರಾಶಿಯಾಗಿ ಮಾಡಿದವು. ತಾಮ್ರದ ತೆಳು ತಗಡನ್ನು ಉಕ್ಕಿನ ಅಚ್ಚಿನ ಮೇಲಿಟ್ಟು ಮೇಲಿಂದ ಭಾರ ಬೀಳಿಸಿದರೆ ಅರ್ಧ ಕುಪ್ಪಿ. ಅಂಥ ಎರಡು ಅರ್ಧಗಳನ್ನು ಅಂಚಿಗೆ ಅಂಚು ಸೇರಿಸಿ ಬೆಸುಗೆ ಹಾಕಿದರೆ ಪೂರ್ತಿ ಕುಪ್ಪಿ. ಸೋರೆ ಬುರುಡೆಯನ್ನು ಸ್ವಲ್ಪ ಚಪ್ಪಟೆ ಮಾಡಿದರೆ ಹೇಗಿರುತ್ತದೋ ಆ ಆಕಾರ.

ಜಾಣತನ ಇರುವುದು ಕುಪ್ಪಿಯ ಹಿತ್ತಾಳೆ ತಲೆಯಲ್ಲಿ. ಅಲ್ಲಿ ಒಂದು ಸಣ್ಣ ಕೊಳವೆ, ಅದರ ಬುಡದಲ್ಲಿ ಸ್ಪ್ರಿಂಗ್ ಇರುವ ಮುಚ್ಚಳ. ಕೊಳವೆಯ ಬಾಯಿಗೆ ಬೆರಳೊತ್ತಿ ಕುಪ್ಪಿಯನ್ನು ತಲೆಕೆಳಗು ಮಾಡಬೇಕು. ಹೆಬ್ಬೆರಳಿನಿಂದ ಸನ್ನೆ ಒತ್ತಿದರೆ ಮದ್ದು ಇಳಿದು ಕೊಳವೆ ತುಂಬುತ್ತದೆ. ಸನ್ನೆ ಬಿಟ್ಟರೆ ಮುಚ್ಚಳ ತಾನಾಗಿ ಮುಚ್ಚಿಕೊಳ್ಳುತ್ತದೆ. ಕೊಳವೆಯಲ್ಲಿ ಉಳಿದದ್ದು ಒಂದು ಈಡಿನ ಮದ್ದು. ಕೊಳವೆಯನ್ನು ಉದ್ದ, ಗಿಡ್ಡ ಮಾಡಿ ಅಳತೆ ಬದಲಿಸಬಹುದು. ಅಳತೆಯ ಲೆಕ್ಕ ಡ್ರಾಮ್‌ನಲ್ಲಿ. ಒಂದು ಡ್ರಾಮ್ ಅಂದರೆ 1.77 ಗ್ರಾಂ. ಹಕ್ಕಿ ಹೊಡೆಯುವ ಕೋವಿಗೆ 3 ಡ್ರಾಮ್ ಹಾಕಿದರೆ 8 ಔನ್ಸ್ ಹಿಡಿಯುವ ಕುಪ್ಪಿಯಿಂದ ಸುಮಾರು 42 ಈಡು ಹೊಡೆಯಬಹುದು. ಬೆಳಿಗ್ಗೆಯಿಂದ ಸಂಜೆಯವರೆಗೆ ಸಾಕು.

ತಾಮ್ರ, ಹಿತ್ತಾಳೆಯೇ ಯಾಕೆ? ಕಲ್ಲಿಗೆ ಕಬ್ಬಿಣ ತಾಗಿದರೆ ಕಿಡಿ ಹಾರುತ್ತದೆ, ತಾಮ್ರ ತಾಗಿದರೆ ಹಾರುವುದಿಲ್ಲ. ಕಬ್ಬಿಣಕ್ಕೆ ತುಕ್ಕು ಬೇರೆ. ಮದ್ದಿನಲ್ಲಿರುವ ಪೆಟ್ಲುಪ್ಪು ತೇವ ತಗುಲಿದರೆ ಕೆಲಸಕ್ಕೆ ಬಾರದು. ಅದಕ್ಕೇ ಮದ್ದಿಗೆ ಬಿಗಿಯಾದ ಲೋಹದ ಕುಪ್ಪಿ, ಚರೆಗೆ ಬರೀ ಚರ್ಮದ ಚೀಲ. ಚರೆ ನೆನೆದರೆ ಏನೂ ಆಗುವುದಿಲ್ಲವಲ್ಲ.

ಕಿಡಿಯ ಕೆಲಸವನ್ನು ತಾಮ್ರವೇ ಮಾಡುತ್ತಿದ್ದರೆ ಚರ್ಮ ಯಾತಕ್ಕೆ ಬಂತು? ಹೆಚ್ಚಾಗಿ ಕೈಗಾಗಿ. ಇಂಗ್ಲೆಂಡಿನಲ್ಲಿ ಹಕ್ಕಿ ಬೇಟೆಯ ಕಾಲ ಅಂದರೆ ಚಳಿಗಾಲ, ಮಂಜು, ಜಿನುಗು ಮಳೆ. ಬರಿ ತಾಮ್ರ ಅಲ್ಲಿ ಮಂಜುಗಡ್ಡೆಯಂತೆ ತಣ್ಣಗಾಗುತ್ತದೆ, ಒದ್ದೆ ಕೈಯಿಂದ ಜಾರುತ್ತದೆ. ಚರ್ಮ ಹಿಡಿತ ಕೊಡುತ್ತದೆ. ಎರಡನೆಯದು ಸದ್ದು: ಕೋಟಿನ ಗುಂಡಿಗೋ ಕೋವಿಯ ನಳಿಗೆಗೋ ತಾಮ್ರ ತಾಗಿ ಟಣ್ ಅಂದರೆ ಹಕ್ಕಿ ಎದ್ದು ಹೋಯಿತು. ಮೂರನೆಯದು ತಗ್ಗು. ತೆಳು ತಗಡು ಕಲ್ಲಿಗೆ ಬಡಿದರೆ ನೆಗ್ಗುತ್ತದೆ; ಬೆಸುಗೆಯ ಮೇಲೆಯೇ ಪೆಟ್ಟು ಬಿದ್ದರೆ ಬಾಯಿ ಬಿಡುತ್ತದೆ, ಮದ್ದು ಸೋರುತ್ತದೆ. ಆಮೇಲೆ ಅಂದ. ಅಂದದ್ದು ದೊಡ್ಡ ಕಾರಣವೇ ಅಂತ ನನಗನ್ನಿಸುತ್ತದೆ. ನಾಯಿ, ಹಕ್ಕಿ, ಶಂಖದ ಗೆರೆಗಳನ್ನು ಅಚ್ಚಿನಲ್ಲೇ ಒತ್ತಿದ ತಾಮ್ರದ ಕುಪ್ಪಿ ಒಂದು ಬಗೆಯ ಶೋಕಿಯಾದರೆ, ನುಣ್ಣನೆಯ ಚರ್ಮದ್ದು ಇನ್ನೊಂದು ಬಗೆಯ ಶೋಕಿ.

ಬೆಂಕಿಯ ವಿಷಯಕ್ಕೆ ಬಂದರೆ ಚರ್ಮದಿಂದ ಏನೂ ಪ್ರಯೋಜನ ಇರಲಿಲ್ಲ. ಈಡು ಹೊಡೆದ ಮೇಲೆ ನಳಿಗೆಯ ತಳದಲ್ಲಿ ನಾರಿನದೋ ಕಾಗದದ್ದೋ ಕೆಂಡದ ಚೂರು ಉಳಿದಿರುತ್ತದೆ. ಅವಸರದಲ್ಲಿ ಅದರ ಮೇಲೆಯೇ ಕುಪ್ಪಿಯಿಂದ ಮದ್ದು ಸುರಿದರೆ ಬೆಂಕಿ ಮೇಲಕ್ಕೆ ಹತ್ತುತ್ತದೆ. ಸನ್ನೆ ಸವೆದು ಮುಚ್ಚಳ ಸರಿಯಾಗಿ ಮುಚ್ಚಿರದಿದ್ದರೆ ಒಳಗಿನ ಕಾಲು ಕೆಜಿಯಷ್ಟು ಮದ್ದು ಕೈಯಲ್ಲೇ ಸಿಡಿಯುತ್ತದೆ. ಬೆರಳು ಕಳೆದುಕೊಂಡವರು, ಕಣ್ಣು ಕಳೆದುಕೊಂಡವರು ಆ ಕಾಲದಲ್ಲಿ ಇದ್ದರು. ಕೊಳವೆಯನ್ನು ಕುಪ್ಪಿಯ ಬಾಯಿಯಿಂದ ಓರೆಗೆ ತಿರುಗಿಸುವಂಥ ತಲೆಗಳನ್ನು ಕಾರ್ಖಾನೆಗಳು ಮಾಡಿದ್ದು ಇದೇ ಭಯಕ್ಕೆ. ಬಲ್ಲವರು ಕುಪ್ಪಿಯಿಂದ ನೇರ ಸುರಿಯುತ್ತಲೇ ಇರಲಿಲ್ಲ. ಬೇರೆ ಅಳತೆ ಬಟ್ಟಲಿಗೆ ಸುರಿದು, ಕುಪ್ಪಿಯನ್ನು ದೂರ ಇಟ್ಟು, ಆಮೇಲೆ ನಳಿಗೆಗೆ. ಒಂದು ಬಟ್ಟಲು ಮದ್ದು ಹತ್ತಿಕೊಂಡರೆ ಕೈ ಸುಡುತ್ತದೆ. ಕುಪ್ಪಿ ಹತ್ತಿಕೊಂಡರೆ ಕೈಯೇ ಉಳಿಯುವುದಿಲ್ಲ.

ಇನ್ನು ಹೊದಿಸುವ ಕೆಲಸ. ತಮಟೆ ಕಟ್ಟುವುದನ್ನು ನೋಡಿದವರಿಗೆ ಇದರ ಅರ್ಧ ಗುಟ್ಟು ಗೊತ್ತೇ ಇದೆ: ಒದ್ದೆ ಚರ್ಮ ಎಳೆದಂತೆ ಬರುತ್ತದೆ, ಒಣಗಿದಾಗ ಬಿಗಿಯುತ್ತದೆ. ತಮಟೆಗೆ ಹಸಿ ತೊಗಲು, ಕುಪ್ಪಿಗೆ ಮರದ ತೊಗಟೆಯ ರಸದಲ್ಲಿ ಹದ ಮಾಡಿದ ಚರ್ಮ, ಅಷ್ಟೇ ವ್ಯತ್ಯಾಸ. ಕ್ರೋಮಿಯಂ ಉಪ್ಪಿನಲ್ಲಿ ಹದ ಮಾಡುವ ಪದ್ಧತಿ ವ್ಯಾಪಾರಕ್ಕೆ ಬಂದದ್ದೇ 19ನೇ ಶತಮಾನದ ಕೊನೆಗೆ. ಅದಕ್ಕೆ ಮುಂಚಿನ ಕುಪ್ಪಿಗಳ ಮೇಲಿರುವುದು ತೊಗಟೆ ಚರ್ಮವೇ. ತೆಳುವಾದ ತುಂಡನ್ನು ನೆನೆಸಿ, ಕುಪ್ಪಿಯ ಉಬ್ಬಿಗೆ ಒತ್ತಿ ಎಳೆದು ಕೂರಿಸಬೇಕು. ಅಂಚುಗಳು ದಪ್ಪ ಕಾಣದಂತೆ ರಂಪಿಗೆಯಲ್ಲಿ ಹೆರೆಯಬೇಕು. ಎರಡು ಅಂಚು ಸೇರುವ ಕಡೆ ಸಮ ಅಂತರದಲ್ಲಿ ತೂತು ಮಾಡಿ, ಜೇನುಮೇಣ ಸವರಿದ ಅಗಸೆ ನಾರಿನ ದಾರಕ್ಕೆ ಎರಡು ಕಡೆ ಸೂಜಿ ಕಟ್ಟಿ, ಒಂದೇ ತೂತಿನಲ್ಲಿ ಆಚೆಯಿಂದೊಂದು ಈಚೆಯಿಂದೊಂದು ತೂರಿಸಿ ಬಿಗಿಯಬೇಕು. ಹೀಗೆ ಹೊಲಿದರೆ ಒಂದು ಕಡೆ ದಾರ ಕಡಿದರೂ ಹೊಲಿಗೆ ಪೂರ್ತಿ ಬಿಚ್ಚುವುದಿಲ್ಲ. ನಮ್ಮೂರ ಸಂತೆಯ ಬದಿಯಲ್ಲಿ ಕೂತು ಮೆಟ್ಟು ಹೊಲಿಯುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಒದ್ದೆ ತೊಗಟೆ ಚರ್ಮಕ್ಕೆ ಕಬ್ಬಿಣ ತಾಗಿಸಿ ಬಿಡಬಾರದು, ಕಪ್ಪು ಕಲೆಯಾಗುತ್ತದೆ. ಅಳಲೆಕಾಯಿ ರಸಕ್ಕೆ ಕಬ್ಬಿಣ ಹಾಕಿ ಹಿಂದಿನವರು ಮಸಿ ಮಾಡುತ್ತಿದ್ದರಲ್ಲ, ಅದೇ ಗುಣ.

ಇನ್ನೊಂದು ತೊಡಕಿದೆ, ಅದು ಕೂಡಲೇ ಕಾಣುವುದಿಲ್ಲ. ಚರ್ಮದಲ್ಲಿರುವ ಹುಳಿ ಮತ್ತು ಜಿಡ್ಡು ತಾಮ್ರ, ಹಿತ್ತಾಳೆಗೆ ತಾಗಿ ವರ್ಷಗಟ್ಟಲೆ ಕೂತರೆ ಕಿಲುಬು ಏಳುತ್ತದೆ. ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಇಟ್ಟು ಮರೆತವರಿಗೆ ಆ ಹಸಿರು ಗೊತ್ತು. ಕುಪ್ಪಿಯ ಕತ್ತಿನ ಹತ್ತಿರ, ಹೊಲಿಗೆಯ ಸಂದಿನಲ್ಲಿ ಅದು ಹಸಿರು ಮೇಣದಂತೆ ಒಸರುತ್ತದೆ. ಚರ್ಮ ಲೋಹವನ್ನು ತಿನ್ನುತ್ತದೆ, ಕಿಲುಬು ಚರ್ಮವನ್ನು ಕೊಳೆಸುತ್ತದೆ. ಕಾಪಾಡಲೆಂದು ಹೊಲಿದ ಅಂಗಿಯೇ ಮೈಗೆ ಹುಣ್ಣು ಮಾಡಿದ ಹಾಗೆ. ಒಳಗೆ ಬೆಸುಗೆ ಬಿಟ್ಟಿದ್ದರೂ ಹೊರಗಿನಿಂದ ಕಾಣುವುದಿಲ್ಲ ಅನ್ನುವುದು ಇನ್ನೊಂದು ಅಪಾಯ.

ಈ ಇಂಗ್ಲಿಷ್ ಕುಪ್ಪಿಯಲ್ಲಿ ನಮ್ಮ ಕಡೆಯದ್ದೇನಾದರೂ ಇತ್ತೇ? ಒಳಗಿನ ಮದ್ದಿನ ಮುಕ್ಕಾಲು ಪಾಲು ಪೆಟ್ಲುಪ್ಪು. ಬ್ರಿಟನ್ನಿಗೆ ಅದನ್ನು ಹಡಗುಗಟ್ಟಲೆ ಕೊಟ್ಟದ್ದು ಬಿಹಾರ. ಅಲ್ಲಿನ ನೋನಿಯಾ ಜನ ಹಳ್ಳಿಗಳ ಮಣ್ಣು ಕೆರೆದು, ನೀರಲ್ಲಿ ಸೋಸಿ, ಕಾಯಿಸಿ ಅದನ್ನು ತೆಗೆಯುತ್ತಿದ್ದರು. ಈಸ್ಟ್ ಇಂಡಿಯಾ ಕಂಪನಿ ಕೊಂಡು ಸಾಗಿಸುತ್ತಿತ್ತು. ಚರ್ಮದ ಕತೆ ಇನ್ನೂ ಹತ್ತಿರದ್ದು. ನಮ್ಮ ಬಯಲುಸೀಮೆಯ ಬದುಗಳಲ್ಲಿ ಹಳದಿ ಹೂ ಬಿಡುವ ತಂಗಡಿ ಗಿಡ ಇದೆಯಲ್ಲ, ಆವರಿಕೆ ಅಂತಲೂ ಕರೆಯುತ್ತಾರೆ, ಅದರ ತೊಗಟೆಯಲ್ಲಿ ದಕ್ಷಿಣದ ಹದಗಾರರು ಚರ್ಮ ಹದ ಮಾಡುತ್ತಿದ್ದರು. ಹಾಗೆ ಹದಗೊಂಡ ಚರ್ಮ 19ನೇ ಶತಮಾನದಲ್ಲಿ ಮದ್ರಾಸ್ ಬಂದರಿನಿಂದ ಇಂಗ್ಲೆಂಡಿಗೆ ಹೋಗುತ್ತಿತ್ತು. ಲಂಡನ್ನಿನ ವ್ಯಾಪಾರಿಗಳ ಬಾಯಲ್ಲಿ ಅದರ ಹೆಸರು ಈಸ್ಟ್ ಇಂಡಿಯಾ ಕಿಪ್ಸ್. ಅದು ಶೆಫೀಲ್ಡಿನ ಕುಪ್ಪಿಗಳ ಮೈಗೇರಿತ್ತು ಅಂತ ನಾನು ಹೇಳುತ್ತಿಲ್ಲ. ಆ ಸಂತೆಯಲ್ಲಿ ನಮ್ಮ ಗಿಡದ ತೊಗಟೆಗೆ ಬೆಲೆ ಇತ್ತು ಅನ್ನುವುದಷ್ಟೇ.

ಕುಪ್ಪಿಯ ಹಿತ್ತಾಳೆ ಕತ್ತಿನ ಮೇಲೆ ಕಾರ್ಖಾನೆಯ ಹೆಸರು ಅಚ್ಚೊತ್ತಿರುತ್ತದೆ. ಹಳೆಯ ವಸ್ತು ಕೊಳ್ಳುವವರು ಮೊದಲು ನೋಡುವುದೂ ಅದನ್ನೇ. ಡಿಕ್ಸನ್ ಅಂತಿದ್ದರೆ ಬೆಲೆ ಏರುತ್ತದೆ. ಚರ್ಮ ಹೊಲಿದವರ ಹೆಸರನ್ನು ಯಾರೂ ಒತ್ತಿಲ್ಲ. ಅವರ ಗುರುತು ಹೊಲಿಗೆಯಲ್ಲಿ ಮಾತ್ರ. ನಮ್ಮಲ್ಲೂ ಹಾಗೆಯೇ: ಕೋವಿ ಯಾವ ಮನೆತನದ್ದು ಅಂತ ಊರಿಗೆಲ್ಲ ಗೊತ್ತಿರುತ್ತದೆ, ಅದರ ಪಟ್ಟಿ ಹೊಲಿದುಕೊಟ್ಟವರು ಯಾರು ಅಂತ ಕೇಳಿದರೆ ಜಗಲಿಯಲ್ಲಿ ಮಾತು ನಿಲ್ಲುತ್ತದೆ. ಹೊಲಿದವರಿಗೆ ಆ ಜಗಲಿ ಹತ್ತಲು ಬಿಟ್ಟಿದ್ದರೋ ಇಲ್ಲವೋ ಅನ್ನುವುದೂ ಅದೇ ಇತಿಹಾಸದ ಭಾಗ.

1851ರಲ್ಲಿ ಲಂಡನ್ನಿನ ಮಹಾ ಪ್ರದರ್ಶನಕ್ಕೆ ಫ್ರಾನ್ಸಿನ ಲೆಫೋಶೋ ಅವರ ತೋಟೆ ಕೋವಿ ಬಂತು. ಮುಂದಿನ 20 ವರ್ಷಗಳಲ್ಲಿ ಇಂಗ್ಲೆಂಡಿನ ಸಾಹುಕಾರರೆಲ್ಲ ಅದಕ್ಕೇ ತಿರುಗಿದರು. ಅಳತೆ ತೋಟೆಯೊಳಗೇ ಸೇರಿಹೋದ ಮೇಲೆ ಕುಪ್ಪಿ ಯಾರಿಗೆ ಬೇಕು? ಅದು ಗೋಡೆಯ ಮೊಳೆಗೆ ಹೋಯಿತು. ಬಾಯಿಂದ ಮದ್ದು ತುಂಬುವ ಕೋವಿ ಅಲ್ಲಿ ಹವ್ಯಾಸಿಗಳ ಆಟವಾಗಿ ಉಳಿಯಿತು, ಇಲ್ಲಿ ಬೆಳೆ ಕಾಯುವ ರೈತರ ಕೈಯಲ್ಲಿ ಉಳಿಯಿತು.

ನಿಮ್ಮ ಅಟ್ಟದಲ್ಲಿ ಇಂಥ ಕುಪ್ಪಿ ಸಿಕ್ಕರೆ ಚರ್ಮ ಕಿತ್ತು ತಾಮ್ರ ಬೆಳಗಲು ಹೋಗಬೇಡಿ. ಹೊಲಿಗೆ ಹೋದರೆ ಅರ್ಧ ಇತಿಹಾಸ ಹೋದಂತೆ. ಕಿಲುಬನ್ನು ಒಣ ಬಟ್ಟೆಯಿಂದ, ಮರದ ಕಡ್ಡಿಯಿಂದ ಮೆಲ್ಲಗೆ ತೆಗೆಯಬಹುದು. ಅದಕ್ಕೂ ಮೊದಲು, ಒಳಗೆ ಮದ್ದು ಇದೆ ಅಂತಲೇ ತಿಳಿದುಕೊಳ್ಳಿ. ಒಣಗಿದ್ದರೆ ನೂರು ವರ್ಷದ ಮದ್ದೂ ಹತ್ತಿಕೊಳ್ಳುತ್ತದೆ. ಒಲೆಯಿಂದ, ಬೀಡಿಯಿಂದ ದೂರ ಇಡಿ, ತಲೆ ತಿರುಪಲು ಹೋಗದೆ ಠಾಣೆಗೆ ತಿಳಿಸಿ. ಮಕ್ಕಳ ಕೈಗೆ ಮಾತ್ರ ಕೊಡಲೇಬೇಡಿ.