ಸಂಪೀಡಿತ ಗಾಳಿಯ ತೇವ ನಿವಾರಣೆ

ಕಂಪ್ರೆಸರ್ ಒತ್ತಿ ಟ್ಯಾಂಕಿಗೆ ತುಂಬಿದ ಗಾಳಿಯಿಂದ ನೀರನ್ನೂ ನೀರಾವಿಯನ್ನೂ ಬೇರ್ಪಡಿಸುವ ಕ್ರಮ. ಮನೆಯ ಕಾರ್ಯಾಗಾರದಲ್ಲಿ ಇದರ ಅಗತ್ಯ ಹೆಚ್ಚಾಗಿ ಕಾಣುವುದು ಸ್ಪ್ರೇ ಪೇಂಟಿಂಗ್, ಸ್ಯಾಂಡ್ ಬ್ಲಾಸ್ಟಿಂಗ್ ಮತ್ತು ಪ್ಲಾಸ್ಮಾ ಕಟಿಂಗ್ ಕೆಲಸಗಳಲ್ಲಿ. ಗಾಳಿಯೊಂದಿಗೆ ಹನಿ ಬಂದರೆ ಬಣ್ಣದಲ್ಲಿ ಗುಳ್ಳೆ ಏಳುತ್ತದೆ, ಮರಳು ಗಂಟುಕಟ್ಟಿ ನಾಜಲ್ ಮುಚ್ಚಿಹೋಗುತ್ತದೆ, ಗಾಳಿಯಿಂದ ತಿರುಗುವ ರೆಂಚು, ಗ್ರೈಂಡರ್‌ಗಳ ಒಳಗೆ ತುಕ್ಕು ಹಿಡಿಯುತ್ತದೆ. ಬರೀ ಟೈರಿಗೆ ಗಾಳಿ ಹಾಕಲು, ದೂಳು ಊದಲು ಕಂಪ್ರೆಸರ್ ಇಟ್ಟುಕೊಂಡವರು ಟ್ಯಾಂಕಿನ ನೀರು ಬಿಡುತ್ತಿದ್ದರೆ ಸಾಕು.

ಒಂದು ಘನ ಮೀಟರ್ ಜಾಗದಲ್ಲಿ ಎಷ್ಟು ನೀರಾವಿ ನಿಲ್ಲಬಲ್ಲದು ಎಂಬುದನ್ನು ನಿರ್ಧರಿಸುವುದು ಉಷ್ಣತೆ; ಅಲ್ಲಿ ಗಾಳಿಯ ಒತ್ತಡ ಎಷ್ಟಿದೆ ಎಂಬುದು ಬಹುಮಟ್ಟಿಗೆ ಲೆಕ್ಕಕ್ಕಿಲ್ಲ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಈ ಮಿತಿ ಸುಮಾರು 30 ಗ್ರಾಂ. ಕರಾವಳಿಯ ಮಳೆಗಾಲದಂತೆ ಅದೇ ಉಷ್ಣತೆಯಲ್ಲಿ ಶೇ. 80ರಷ್ಟು ತೇವ ಇರುವ ಗಾಳಿಯಲ್ಲಿ ಸುಮಾರು 24 ಗ್ರಾಂ ಆವಿ ಇರುತ್ತದೆ. ಮೀಟರ್ 7 ಬಾರ್ ತೋರಿಸುವ ಹೊತ್ತಿಗೆ ಅಂಥ ಗಾಳಿಯ 8 ಘನ ಮೀಟರ್ ಒಂದೇ ಘನ ಮೀಟರಿಗೆ ಇಳಿದಿರುತ್ತದೆ. ಅದರೊಳಗಿನ ಆವಿ ಸುಮಾರು 192 ಗ್ರಾಂ. ಗಾಳಿ ಮತ್ತೆ 30 ಡಿಗ್ರಿಗೆ ತಣಿದರೆ 30 ಗ್ರಾಂ ಮಾತ್ರ ಆವಿಯಾಗಿ ಉಳಿದು, ಮಿಕ್ಕ 160 ಗ್ರಾಂಗೂ ಹೆಚ್ಚು ನೀರಾಗುತ್ತದೆ. ನಿಮಿಷಕ್ಕೆ 200 ಲೀಟರ್ ಗಾಳಿ ಎಳೆಯುವ ಯಂತ್ರ ಒಂದು ಗಂಟೆ ಬಿಡದೆ ಓಡಿದರೆ ಹೆಚ್ಚುಕಡಿಮೆ ಕಾಲು ಲೀಟರ್ ನೀರು. ಒಣಹವೆಯ ಊರಿನವರೂ ಇದರಿಂದ ಪೂರಾ ಪಾರಾಗುವುದಿಲ್ಲ. 40 ಡಿಗ್ರಿ ಬಿಸಿಲಿನ, ಶೇ. 20 ತೇವದ ಗಾಳಿಗೆ ಇದೇ ಲೆಕ್ಕ ಹಾಕಿದರೆ ಕರಾವಳಿಯ ನೀರಿನ ಸುಮಾರು ಐದರಲ್ಲೊಂದು ಪಾಲು ಬರುತ್ತದೆ.

ಆದರೆ ಒತ್ತಿದ ಕ್ಷಣದಲ್ಲೇ ನೀರು ಕಾಣುವುದಿಲ್ಲ. ಸಿಲಿಂಡರಿನಿಂದ ಹೊರಬರುವ ಗಾಳಿ 100 ಡಿಗ್ರಿಗಿಂತ ಹೆಚ್ಚು ಬಿಸಿಯಾಗಿರುತ್ತದೆ; ಅಷ್ಟು ಕಾವಿನಲ್ಲಿ ಅಷ್ಟೂ ತೇವ ಆವಿಯಾಗಿಯೇ ಇರಬಲ್ಲದು. ಮನೆಯ ಕಾರ್ಯಾಗಾರಗಳಲ್ಲಿ ಎಡವುವುದು ಹೆಚ್ಚಾಗಿ ಇಲ್ಲಿಯೇ. ಅಂಗಡಿಯಿಂದ ತಂದ ವಾಟರ್ ಸೆಪರೇಟರನ್ನು ಟ್ಯಾಂಕಿನ ಬಾಯಿಗೇ ಕೂರಿಸಿ, ಅದರಲ್ಲಿ ನೀರು ಸೇರುತ್ತಿಲ್ಲವೆಂದು ನಿಶ್ಚಿಂತರಾಗುತ್ತಾರೆ. ಆ ಉಪಕರಣ ಗಾಳಿಯನ್ನು ಸುಳಿಯಾಗಿ ಸುತ್ತಿಸಿ ಹನಿಗಳನ್ನು ಗೋಡೆಗೆ ಎಸೆಯುತ್ತದೆ, ಅಷ್ಟೆ. ಆವಿ ಅದರ ಕೈಗೆ ಸಿಗುವುದಿಲ್ಲ. ಸೆಪರೇಟರ್ ದಾಟಿದ ಬಿಸಿಗಾಳಿ ಮುಂದೆ ಹೋಸ್ ಪೈಪಿನೊಳಗೆ ತಣಿದು, ನೀರು ಸ್ಪ್ರೇ ಗನ್ನಿನ ತುದಿಗೇ ಬಂದು ಬೀಳುತ್ತದೆ.

ಹಾಗಾಗಿ ಮೊದಲು ತಣಿಸಬೇಕು, ಆಮೇಲೆ ಸೋಸಬೇಕು. ಪಂಪಿಗೂ ಟ್ಯಾಂಕಿಗೂ ನಡುವೆ ತಾಮ್ರದ ಸುರುಳಿ ಅಥವಾ ಆ ಒತ್ತಡ, ಕಾವು ತಾಳುವ ರೇಡಿಯೇಟರ್ ಇಟ್ಟು ಫ್ಯಾನಿನ ಗಾಳಿ ಬಿಟ್ಟರೆ ಹೆಚ್ಚಿನ ಆವಿ ಅಲ್ಲಿಯೇ ನೀರಾಗಿ ಟ್ಯಾಂಕಿನ ತಳ ಸೇರುತ್ತದೆ. ಇದಾಗದಿದ್ದರೆ ಟ್ಯಾಂಕಿನಾಚೆ ಗೋಡೆಯ ಉದ್ದಕ್ಕೂ ಏರಿಳಿಯುವ ಲೋಹದ ಪೈಪು ಹಾಕಬಹುದು. ಪೈಪು ಒಂದು ಕಡೆಗೆ ಇಳಿಜಾರಾಗಿರಬೇಕು, ಕವಲುಗಳನ್ನು ಮುಖ್ಯ ಪೈಪಿನ ಮೇಲ್ಭಾಗದಿಂದ ತೆಗೆಯಬೇಕು, ಪ್ರತಿ ಇಳಿಪೈಪಿನ ತಳದಲ್ಲಿ ನೀರು ಬಿಡುವ ಕಾಕ್ ಇರಬೇಕು. ಅಗ್ಗವೆಂದು ನಲ್ಲಿಯ ಪಿವಿಸಿ ಪೈಪನ್ನು ಬಳಸಲೇಬಾರದು. ಒತ್ತಡದ ಗಾಳಿಯಲ್ಲಿ ಅದು ಸೀಳುವುದಿಲ್ಲ, ಚೂರುಚೂರಾಗಿ ಸಿಡಿಯುತ್ತದೆ.

ಸೆಪರೇಟರನ್ನು ಈ ಪೈಪಿನ ಕೊನೆಗೆ, ಅದರ ನಂತರ ರೆಗ್ಯುಲೇಟರನ್ನು ಕೂರಿಸುವುದು ಕ್ರಮ. ಟ್ಯಾಂಕಿನಲ್ಲಿ ಒತ್ತಡ ಹೆಚ್ಚಿಟ್ಟು ಕೆಲಸದ ಜಾಗದಲ್ಲಿ ತಗ್ಗಿಸುವುದರಿಂದ ಇನ್ನೊಂದು ಲಾಭವಿದೆ. ಮೀಟರಿನಲ್ಲಿ 8 ಬಾರ್‌ನಿಂದ 2 ಬಾರಿಗೆ ಇಳಿದ ಗಾಳಿ ಮೂರು ಪಟ್ಟು ಹಿಗ್ಗುತ್ತದೆ. ಆವಿ ಅಷ್ಟೇ ಇದ್ದು ಜಾಗ ಹೆಚ್ಚುವುದರಿಂದ ಸಾಪೇಕ್ಷ ತೇವ ಮೂರನೆಯ ಒಂದಕ್ಕೆ ತಗ್ಗುತ್ತದೆ. ಮನೆಮಟ್ಟದ ಪೇಂಟಿಂಗಿಗೆ ಹಲವು ಸಲ ಇಷ್ಟೇ ಸಾಕಾಗುತ್ತದೆ.

ಸಾಲದಿದ್ದರೆ ಡ್ರೈಯರ್ ಬೇಕು. ಫ್ರಿಜ್ ಮಾದರಿಯ ಡ್ರೈಯರ್ ಗಾಳಿಯನ್ನು ಸುಮಾರು 3 ಡಿಗ್ರಿಗೆ ತಣಿಸುತ್ತದೆ. ಇನ್ನೂ ಕೆಳಗಿಳಿಸಿದರೆ ಮಂಜುಗಟ್ಟಿ ದಾರಿ ಮುಚ್ಚುತ್ತದೆ. ಐಎಸ್‌ಒ 8573-1 ಮಾನಕದಲ್ಲಿ ಇದು ತೇವದ 4ನೇ ದರ್ಜೆ. 2ನೇ ದರ್ಜೆ, ಅಂದರೆ ಮೈನಸ್ 40 ಡಿಗ್ರಿಯ ಇಬ್ಬನಿ ಬಿಂದು (ಆವಿ ಹನಿಗಟ್ಟಲು ತೊಡಗುವ ಉಷ್ಣತೆ) ಮುಟ್ಟಲು ಆವಿಯನ್ನು ಹೀರುವ ಅಲ್ಯುಮಿನಾದಂಥ ಹರಳುಗಳು ತುಂಬಿದ ಜೋಡಿ ಗೋಪುರಗಳ ಡ್ರೈಯರ್ ಬೇಕಾಗುತ್ತದೆ. ಮನೆಯಲ್ಲಿ ಅದರ ಅಗತ್ಯ ಅಪರೂಪ. ಸಣ್ಣ ಡಬ್ಬಿಯಲ್ಲಿ ತುಂಬಿದ ಸಿಲಿಕಾ ಜೆಲ್ ಹೆಚ್ಚು ಬಳಕೆಯಲ್ಲಿದೆ. ಅದು ಹೆಚ್ಚೆಂದರೆ ತನ್ನ ತೂಕದ ಮೂರನೆಯ ಒಂದು ಪಾಲು ನೀರು ಹೀರೀತು. ಮೇಲಿನ ಲೆಕ್ಕದಲ್ಲಿ, ತಣಿಸಿ ಸೋಸಿದ ಗಾಳಿಯೊಂದಿಗೆ ಗಂಟೆಗೆ 45 ಗ್ರಾಂನಷ್ಟು ಆವಿ ಬರುತ್ತದೆ. ಅರ್ಧ ಕಿಲೋ ಜೆಲ್ ಮೂರು ಗಂಟೆಯ ಆಸುಪಾಸು ಬಾಳುತ್ತದೆ. ಬಿಸಿಗಾಳಿಯನ್ನು ನೇರವಾಗಿ ಬಿಟ್ಟರೆ ಅರ್ಧ ಗಂಟೆಗೇ ಮುಗಿಯಿತು, ಜೊತೆಗೆ ನೀರು ತಾಗಿದ ಹರಳು ಒಡೆಯುತ್ತದೆ. ಬಣ್ಣ ಬದಲಾದ ಜೆಲ್ ಅನ್ನು ಸುಮಾರು 120 ಡಿಗ್ರಿಯ ಒಲೆಯಲ್ಲಿ ಕಾಯಿಸಿ ಮತ್ತೆ ಬಳಸಬಹುದು. ನೀಲಿ ಜೆಲ್‌ನಲ್ಲಿ ವಿಷಕಾರಿ ಕೋಬಾಲ್ಟ್ ಕ್ಲೋರೈಡ್ ಇರುವುದರಿಂದ ಕಿತ್ತಳೆ ಬಣ್ಣದ್ದನ್ನು ಕೊಳ್ಳುವುದು ಮೇಲು; ಯಾವುದೇ ಆದರೂ ಅಡುಗೆಯ ಓವನ್ನಿಗೆ ಹಾಕಬಾರದು.

ಟ್ಯಾಂಕಿನ ತಳದ ಡ್ರೈನ್ ವಾಲ್ವನ್ನು ಕೆಲಸ ಮುಗಿದ ದಿನವೇ ತೆರೆದು ನೀರು ಬಿಡಬೇಕು. ನಿಂತ ನೀರು ತಗಡನ್ನು ಒಳಗಿನಿಂದ ತಿನ್ನುತ್ತದೆ, ಹೊರಗಿನ ಬಣ್ಣ ಮಾತ್ರ ಹೊಸದರಂತೆಯೇ ಇರುತ್ತದೆ. ತಳದಲ್ಲಿ ಸೂಜಿಮೊನೆಯಷ್ಟು ತೂತು ಕಂಡರೂ ಸುತ್ತಲಿನ ತಗಡು ತೆಳುವಾಗಿದೆ ಎಂದೇ ತಿಳಿಯಬೇಕು. ವೆಲ್ಡಿಂಗ್ ತೇಪೆ ಹಾಕಿಸದೆ ಟ್ಯಾಂಕನ್ನೇ ಬದಲಿಸಬೇಕು.