ಹಾಲೂಡಿಸುವ ತಾಯಿಯ ನೋವು: ಇತಿಹಾಸ ಕಲಿಸಿದ ಪಾಠ

ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಬಾಣಂತಿಯೊಬ್ಬಳು ಕೂಸಿಗೆ ಹಾಲೂಡಿಸುವಾಗ ಹಲ್ಲು ಕಚ್ಚಿ ನೋವು ನುಂಗಿದ್ದನ್ನು ನೀವು ಕಂಡಿರಬಹುದು. ‘ಮೊದಮೊದಲು ಹಾಗೇ, ಸಹಿಸಿಕೋ’ ಎಂದು ಹಿರಿಯರು ಹೇಳಿದ್ದನ್ನೂ ಕೇಳಿರಬಹುದು. ಮೊಲೆತೊಟ್ಟಿನ ನೋವು ನಾವು ಸಂಕೋಚದಿಂದ ಮಾತನಾಡದೆ ಬಿಡುವ ವಿಷಯ. ಆದರೆ ಅದಕ್ಕೂ ಒಂದು ಇತಿಹಾಸವಿದೆ. ಕೂಸುಗಳ ಅಳಿವು ಉಳಿವಿನ ಪ್ರಶ್ನೆ ಅದರೊಂದಿಗೆ ಹೆಣೆದುಕೊಂಡಿದೆ.

ಬಿರುಕು ಬಿಟ್ಟ ತೊಟ್ಟನ್ನು ಹೇಗಾದರೂ ಮುಚ್ಚಿ ಕಾಪಾಡಬೇಕೆಂಬುದು ಹಿಂದಿನವರ ಯೋಚನೆ. ಯುರೋಪಿನಲ್ಲಿ ಮರ, ಬೆಳ್ಳಿ, ಸೀಸಗಳಿಂದ ಪುಟ್ಟ ಟೋಪಿಯಂಥ ಕವಚಗಳನ್ನು ಮಾಡುತ್ತಿದ್ದರು. ಇವುಗಳಲ್ಲಿ ಸೀಸದ್ದು ಅಪಾಯಕಾರಿ. ಕವಚದೊಳಗೆ ನಿಂತ ಹಾಲು ಹುಳಿಯಾಗಿ ಸೀಸವನ್ನು ಕರಗಿಸುತ್ತಿತ್ತು; ಆ ವಿಷ ಕೂಸಿನ ಹೊಟ್ಟೆ ಸೇರುತ್ತಿತ್ತು. ತಾಯಿಯ ನೋವಿಗೆ ತಂದ ಮದ್ದು ಮಗುವಿಗೆ ಮುಳುವಾಯಿತು.

ಇಪ್ಪತ್ತನೆಯ ಶತಮಾನದಲ್ಲಿ ಗಡಿಯಾರ ಬಂತು. ನ್ಯೂಜಿಲೆಂಡಿನ ವೈದ್ಯ ಟ್ರೂಬಿ ಕಿಂಗ್ ಅವರು ನಾಲ್ಕು ಗಂಟೆಗೊಮ್ಮೆ ಮಾತ್ರ ಹಾಲೂಡಿಸಬೇಕೆಂದು ಬೋಧಿಸಿದರು. ತೊಟ್ಟು ನೋಯಬಾರದೆಂದರೆ ಮೊದಲ ದಿನಗಳಲ್ಲಿ ಕೆಲವೇ ನಿಮಿಷ ಕುಡಿಸಿ ಬಿಡಿಸಬೇಕು ಎಂಬ ಮಾತೂ ಆಸ್ಪತ್ರೆಗಳಲ್ಲಿ ನಿಯಮವಾಯಿತು. ನಿಮಿಷಗಳನ್ನು ಎಣಿಸಿದ್ದರಿಂದ ನೋವು ತಪ್ಪಲಿಲ್ಲ.

ಹಾಗಾದರೆ ನಿಜವಾದ ಕಾರಣವೇನು? 1945ರಲ್ಲಿ ಬ್ರಿಟನ್ನಿನ ವೈದ್ಯೆ ಮೇವಿಸ್ ಗುಂಥರ್ ಅವರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಈ ಕುರಿತು ಲೇಖನ ಬರೆದರು. ಕೂಸು ಮೊಲೆಯನ್ನು ಹಿಡಿಯುವ ರೀತಿಯತ್ತ ಅವರು ಗಮನ ಸೆಳೆದರು. ಇದನ್ನು ನೀವೇ ಪರೀಕ್ಷಿಸಬಹುದು. ನಾಲಿಗೆಯನ್ನು ಬಾಯಿಯ ಮೇಲ್ಛಾವಣಿಯ ಮೇಲೆ ಹಿಂದಕ್ಕೆ ಆಡಿಸಿ ನೋಡಿ. ಮುಂಭಾಗ ಗಟ್ಟಿ, ಹಿಂಭಾಗ ಮೆತ್ತಗೆ. ಕೂಸು ತೊಟ್ಟಿನ ತುದಿಯನ್ನಷ್ಟೇ ಹಿಡಿದರೆ ಅದು ಗಟ್ಟಿ ಭಾಗಕ್ಕೂ ನಾಲಿಗೆಗೂ ನಡುವೆ ಸಿಕ್ಕಿ ನಜ್ಜಾಗುತ್ತದೆ. ಸುತ್ತಲಿನ ಕಪ್ಪು ಭಾಗದ ಬಹುಪಾಲನ್ನೂ ಬಾಯ್ತುಂಬ ಹಿಡಿದರೆ ತೊಟ್ಟು ಹಿಂದಿನ ಮೆತ್ತನೆಯ ಜಾಗ ತಲುಪುತ್ತದೆ.

ಇಷ್ಟು ಸಣ್ಣ ವಿಷಯ ತಿಳಿಯದೆ ಹೋದರೆ ಆಗುವುದೇನು? ನೋವು ತಾಳದ ತಾಯಿ ಬಾಟಲಿಗೆ ಮೊರೆಹೋಗುತ್ತಾಳೆ. ಹೆನ್ರಿ ನೆಸ್ಲೆ ಅವರ ಶಿಶು ಆಹಾರ 1867ರಲ್ಲೇ ಬಂದಿತ್ತು. ಮಲಿನ ನೀರು, ತೊಳೆಯದ ಬಾಟಲಿ ಇರುವ ಕಡೆ ಬಾಟಲಿ ಹಾಲೆಂದರೆ ಭೇದಿ, ಸಾವು. ವೈದ್ಯೆ ಸಿಸಿಲಿ ವಿಲಿಯಮ್ಸ್ 1939ರಲ್ಲಿ ಸಿಂಗಪುರದಲ್ಲಿ ಮಾಡಿದ ಭಾಷಣಕ್ಕೆ ‘ಹಾಲು ಮತ್ತು ಕೊಲೆ’ ಎಂದೇ ಹೆಸರಿಟ್ಟರು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಾಲುಪುಡಿಯ ಮಾರಾಟ ಪ್ರಚಾರಕ್ಕೆ ನೀತಿಸಂಹಿತೆ ರೂಪಿಸಿತು. 1992ರಲ್ಲಿ ಭಾರತ ಕಾನೂನನ್ನೇ ಮಾಡಿತು.

ಕಾನೂನು ಜಾಹೀರಾತನ್ನು ತಡೆಯಬಲ್ಲದು, ನೋವನ್ನಲ್ಲ. ಅದಕ್ಕೆ ತಿಳಿವಳಿಕೆ ಬೇಕು. ಕೂಸು ಬಾಯಿ ಅಗಲವಾಗಿ ತೆರೆದಾಗ, ಗಲ್ಲ ಮೊಲೆಗೆ ತಾಗುವಂತೆ ಹತ್ತಿರ ತರಬೇಕು. ನೋಯುತ್ತಿದ್ದರೆ ಎಳೆಯಬಾರದು, ಬಾಯಿಯ ಅಂಚಿನಲ್ಲಿ ಶುಚಿಯಾದ ಬೆರಳಿಟ್ಟು ಬಿಡಿಸಿ ಮತ್ತೆ ಹಿಡಿಸಬೇಕು. ಕಡಿಮೆ ನೋವಿರುವ ಕಡೆಯಿಂದ ಕುಡಿಸಲು ಆರಂಭಿಸಬಹುದು. ತೊಟ್ಟಿಗೆ ಸಾಬೂನು ಬೇಡ. ಕುಡಿಸಿದ ಮೇಲೆ ಎರಡು ಹನಿ ಎದೆಹಾಲನ್ನೇ ಸವರಿ ಗಾಳಿಗೆ ಆರಲು ಬಿಟ್ಟರೆ ಸಾಕು. ದುಬಾರಿ ಮುಲಾಮು ಇದಕ್ಕಿಂತ ಮೇಲೆಂಬುದಕ್ಕೆ ಗಟ್ಟಿ ಆಧಾರವಿಲ್ಲವೆಂದು 2014ರ ಕಾಕ್ರೇನ್ ಸಮೀಕ್ಷೆ ಹೇಳಿತು. ಹೆಚ್ಚಿನ ತಾಯಂದಿರಲ್ಲಿ ಏಳರಿಂದ ಹತ್ತು ದಿನಗಳಲ್ಲಿ ನೋವು ತಗ್ಗುತ್ತದೆಂಬುದನ್ನೂ ಅದು ತೋರಿಸಿತು. ನೋವು ತಗ್ಗದಿದ್ದರೆ ಶಿಲೀಂಧ್ರದ ಸೋಂಕೋ ಕೂಸಿನ ನಾಲಿಗೆಯ ಕೆಳಗಿನ ಬಿಗಿ ಪೊರೆಯೋ ಕಾರಣವಿರಬಹುದು. ಜ್ವರ ಬಂದು ಮೊಲೆ ಕೆಂಪೇರಿ ಗಟ್ಟಿಯಾದರೆ ತಡಮಾಡದೆ ವೈದ್ಯರನ್ನು ಕಾಣಬೇಕು.

ನಾಳೆ ನಿಮ್ಮ ಅಕ್ಕನೋ ಅತ್ತಿಗೆಯೋ ಬಾಣಂತಿಯಾದಾಗ ‘ಸಹಿಸಿಕೋ’ ಎನ್ನುವವರ ಸಾಲಿಗೆ ನೀವು ಸೇರಬೇಡಿ. ಕೂಸು ಹೇಗೆ ಹಿಡಿದಿದೆ, ನೋಡೋಣ ಎನ್ನಿ.